ತುಟಿಹಾಡು

ನಮ್ಮ ಅತ್ತೆಯನ್ನು ಬೈಯಬೇಕಾದರೆ ಬೆನ್ನು ತಿರುಗಿಸಿ ಬೈಯಬೇಕು. ಇದನ್ನು ನಾನು ಆರನೇ ವಯಸ್ಸಿಗೇ ಕಂಡುಕೊಂಡಿದ್ದೆ. ಅಪ್ಪ ಅಮ್ಮ ಇಬ್ಬರೂ ಇಲ್ಲದಾದಾಗ ನನ್ನನ್ನು ಕರೆದುಕೊಂಡು ಬಂದವಳು ಅಪ್ಪನ ಅಕ್ಕ. ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುವ ಕೆಲಸ ಅವಳದು. ಗಂಡ ಮದುವೆಯಾದ ನಾಲ್ಕನೇ ವರ್ಷವೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಗ್ಗಗಳ ಸದ್ದಿಗೆ ಅವಳ ಕಿವಿ ಅಷ್ಟು ಹೊತ್ತಿಗೇ ಅರ್ಧ ಹೋಗಿತ್ತು. ಬಾಗಿಲು ಬಡಿದರೆ ಗೊತ್ತಾಗುತ್ತಿತ್ತು, ಹಕ್ಕಿ ಕೂಗಿದರೆ ಇಲ್ಲ. ದಪ್ಪ ದನಿ ಕೇಳುತ್ತಿತ್ತು, ನನ್ನಂಥ ಕೀಚಲು ದನಿ ಕೇಳುತ್ತಿರಲಿಲ್ಲ. ಆದರೆ ಎದುರಿಗೆ ನಿಂತು ತುಟಿ ಅಲ್ಲಾಡಿಸಿದರೆ ಸಾಕು, ಹತ್ತು ಮಾರು ದೂರದಿಂದಲೂ ಮಾತು ಹಿಡಿಯುತ್ತಿದ್ದಳು. ಹಾಗಾಗಿ ನನಗೆ ಸಿಟ್ಟು ಬಂದಾಗಲೆಲ್ಲ (ಅದು ದಿನಕ್ಕೆ ಮೂರು ಸಲ ಬರುತ್ತಿತ್ತು, ಈಗಲೂ ಬರುತ್ತದೆ) ಗೋಡೆಯ ಕಡೆ ಮುಖ ಮಾಡಿ ಮನಸಾರೆ ಬೈದುಕೊಂಡು, ತಿರುಗಿ ನಕ್ಕುಬಿಡುತ್ತಿದ್ದೆ. ಒಂದೇ ಒಂದು ಸಲ ಸಿಕ್ಕಿಬಿದ್ದೆ. ಕಿಟಕಿಯ ಗಾಜಿನಲ್ಲಿ ನನ್ನ ಬಾಯಿ ಕಾಣುತ್ತಿದ್ದುದನ್ನು ಗಮನಿಸಿರಲಿಲ್ಲ.

"ಬೈಯೋದಿದ್ರೆ ಮುಖ ನೋಡಿ ಬೈಯೇ," ಎಂದಳು ಅತ್ತೆ. "ಮುಖ ತಿರುಗಿಸಿದ್ರೆ ಅದು ಜಗಳ ಅಲ್ಲ, ಶಿಕ್ಷೆ."

ಆರು ವರ್ಷದವಳಿಗೆ ಅದು ಅರ್ಥವಾಗಲಿಲ್ಲ. ಗಿರಣಿಯವರಿಗೆ ಮಾತ್ರ ಅರ್ಥವಾಗುವ ಮಾತು ಅದು. ಇನ್ನೂರು ಮಗ್ಗಗಳು ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಏನೂ ಕೇಳುವುದಿಲ್ಲ. ಅದಕ್ಕೆ ಅಲ್ಲಿನ ಹೆಂಗಸರು ತಮ್ಮದೇ ದಾರಿ ಹುಡುಕಿಕೊಂಡಿದ್ದರು. ಸದ್ದೇ ಇಲ್ಲದೆ ತುಟಿಯನ್ನು ಅಗಲವಾಗಿ, ನಿಧಾನವಾಗಿ ಆಡಿಸುವುದು. ಮಕ್ಕಳ ಜ್ವರ, ಅತ್ತೆ ಸೊಸೆ ಜಗಳ, ಮೇಸ್ತ್ರಿಯ ಹೊಟ್ಟೆ, ಎಲ್ಲವೂ ತುಟಿಯಲ್ಲೇ. ಮೇಸ್ತ್ರಿ ನಡುವೆ ಬಂದು ನಿಂತಿದ್ದರೂ ಅವನ ತಲೆಯ ಮೇಲಿಂದಲೇ ಅವನ ಮೂರು ತಲೆಮಾರನ್ನು ಜಾಲಾಡಬಹುದಿತ್ತು. ಒಬ್ಬಳು ಮುಖ ತಿರುಗಿಸಿದಳೆಂದರೆ ಮಾತು ಅಲ್ಲಿಗೆ ಮುಗಿಯಿತು. ಎದುರಿನವಳು ಅತ್ತರೂ ಕೂಗಿದರೂ ಇವಳಿಗೆ ತಲುಪುವುದಿಲ್ಲ.

'ಎದುರಿನವಳು' ಎಂದೆನಲ್ಲ, ಅತ್ತೆಯ ಬಾಯಲ್ಲಿ ಅದು ಒಬ್ಬಳದೇ ಹೆಸರು. ಎರಡು ಸಾಲು ಮಗ್ಗಗಳ ನಡುವೆ ಒಂದು ಓಣಿ. ಓಣಿಯ ಈಚೆ ಅತ್ತೆ, ಆಚೆ ಅವಳು. ಇಪ್ಪತ್ತಾರು ವರ್ಷ ಇಬ್ಬರೂ ಎದುರುಬದುರು ನಿಂತರು. ಗಂಡನ ಮುಖವನ್ನೂ ಅಷ್ಟು ನೋಡಲಿಲ್ಲ ಎನ್ನುತ್ತಿದ್ದಳು ಅತ್ತೆ, ಅದು ತಮಾಷೆಯೂ ಹೌದು, ನಿಜವೂ ಹೌದು. ಎದುರಿನವಳ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಸೈರನ್ ಆದ ತಕ್ಷಣ ಅವಳು ಗಿರಣಿಯ ಬಸ್ಸಿಗೆ ಓಡಬೇಕು, ಅತ್ತೆ ನನ್ನನ್ನು ನೋಡಿಕೊಳ್ಳಲು ಮನೆಗೆ ಓಡಬೇಕು. ಊಟದ ಹೊತ್ತಿನ ಅರ್ಧ ಗಂಟೆ ಬಿಟ್ಟರೆ ಇಬ್ಬರೂ ದನಿ ತೆಗೆದು ಮಾತಾಡಿದ್ದೇ ಕಡಿಮೆ. ಆದರೂ ಅವಳ ಮಗಳಿಗೆ ದಡಾರ ಬಂದ ದಿನ ನಮ್ಮ ಮನೆಯಲ್ಲಿ ಅತ್ತೆ ಊಟ ಮಾಡಲಿಲ್ಲ.

ಅವರಿಬ್ಬರಿಗೂ ಒಂದು ಹಾಡಿತ್ತು. ಹಳಬರ ತುಟಿ ನೋಡಿ ಹೊಸಬರು ಕಲಿಯುತ್ತ ಬಂದ ಹಾಡು. ನೇಯುವವಳು ಕೇಳುತ್ತಾಳೆ, ಮಗ್ಗದಲ್ಲಿ ನೂಲು ಹೊತ್ತು ಆಚೀಚೆ ಓಡುವ ಲಾಳಿ ಉತ್ತರ ಕೊಡುತ್ತದೆ. ಒಬ್ಬಳು ಮಗ್ಗದ ಮೇಲೆ ಕಣ್ಣಿಟ್ಟಾಗ ಇನ್ನೊಬ್ಬಳು ತಲೆ ಎತ್ತಿ ಹಾಡಬೇಕಾದ್ದರಿಂದ ಒಂದು ಸಾಲು ಇವಳದು, ಒಂದು ಸಾಲು ಅವಳದು. ಎದುರಿನವಳು ನೇಯುವವಳು, ನಮ್ಮತ್ತೆ ಲಾಳಿ.

ಹೋಗು ಲಾಳಿ, ಬಾರೋ ಲಾಳಿ, ಹೋದ ದಾರಿ ಮರೆಯಬೇಡ
ಮರೆತರೇನು, ಎಳೆಯ ಹಿಡಿದು ಬರುವೆ ನಾನು, ಹೆದರಬೇಡ
ಎಳೆಯು ಹರಿದರೆ ಗಂಟು ಹಾಕುವೆ, ಮುಖವ ತಿರುಗಿಸಿ ಹೋಗಬೇಡ
ಹೋದರೂನು ಎದುರೇ ಬರುವೆ, ದೀಪವಾರಿಸಿ ಮಲಗಬೇಡ

ಅತ್ತೆ ಮನೆಯಲ್ಲಿ ಬಟ್ಟೆ ಮಡಚುವಾಗ ಇದನ್ನು ಜೋರಾಗಿಯೇ ಹಾಡುತ್ತಿದ್ದಳು. ಮೆಟ್ಟಿಲು ಹತ್ತಿದ ಹಾಗೆ ಟಕಟಕ ಓಡುವ ರಾಗ. ಶ್ರುತಿಯಂತೂ ದೇವರಿಗೇ ಪ್ರೀತಿ. ನಾನೂ ಅದನ್ನೇ ಹಾಡಿಕೊಂಡು ಶಾಲೆಗೆ ಹೋಗುತ್ತಿದ್ದೆ.

ನನಗೆ ಇಪ್ಪತ್ತು ತುಂಬಿದ ವರ್ಷ ಗಿರಣಿಯಲ್ಲಿ ಬಟ್ಟೆ ತಪಾಸಣೆಯ ಕೋಣೆಯಲ್ಲಿ ಒಂದು ಜಾಗ ಖಾಲಿಯಾಯಿತು. ಕುರ್ಚಿ ಇತ್ತು, ಕಿಟಕಿ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಸದ್ದಿರಲಿಲ್ಲ. ಓರೆ ಗಾಜಿನ ಮೇಜಿನ ಮೇಲೆ ಬಟ್ಟೆ ಎಳೆದು ತಪ್ಪು ಹುಡುಕುವ ಕೆಲಸ. ಹೋದರೆ ಇಬ್ಬರೂ ಹೋಗೋಣ, ಇಲ್ಲದಿದ್ದರೆ ಇಲ್ಲೇ ಸಾಯೋಣ ಎಂದು ಇವರಿಬ್ಬರೂ ಎಷ್ಟೋ ವರ್ಷದ ಹಿಂದೆಯೇ ಆಣೆ ಮಾಡಿಕೊಂಡಿದ್ದರು. ಇದ್ದದ್ದು ಒಂದೇ ಕುರ್ಚಿ. ಮೇಸ್ತ್ರಿ ಅತ್ತೆಯನ್ನು ಕೇಳಿದ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಎರಡು ದಿನ ಒದ್ದಾಡಿ ಮೂರನೇ ದಿನ ಅತ್ತೆ ಹೂಂ ಅಂದಳು.

ಮಗ್ಗದ ಬಳಿ ಅದು ಅವಳ ಕೊನೆಯ ದಿನ. ಓಣಿಯಾಚೆ ನೋಡಿ ತುಟಿಯಲ್ಲೇ ಹೇಳಿದಳು, ನಾಳೆಯಿಂದ ನಾನು ತಪಾಸಣೆ ಕೋಣೆಗೆ. ಎದುರಿನವಳ ತುಟಿ ಅಲ್ಲಾಡಿತು. ಮೊದಲ ಪದ ಬರುವ ಮುಂಚೆಯೇ ಅತ್ತೆ ಮುಖ ತಿರುಗಿಸಿದಳು. ನಾಚಿಕೆಯಾಗಿತ್ತು, ಹೆದರಿಕೆಯಾಗಿತ್ತು. ಎಳೆ ಹರಿದಿದೆಯೆಂಬ ನೆಪ ಮಾಡಿ ಬಗ್ಗಿ, ಹರಿಯದ ಎಳೆಗೆ ಗಂಟು ಹಾಕುವ ನಾಟಕವಾಡಿದಳು. ಅವಳು ಏನೋ ಹೇಳುತ್ತಲೇ ಇದ್ದಾಳೆಂದು ಬೆನ್ನಿಗೆ ಗೊತ್ತಾಗುತ್ತಿತ್ತಂತೆ. ತಲೆ ಎತ್ತಿ ನೋಡುವ ಹೊತ್ತಿಗೆ ಬಾಯಿ ಮುಚ್ಚಿತ್ತು. ಎಂಟು ತಿಂಗಳಿಗೆ ಗಿರಣಿಯೇ ಮುಚ್ಚಿತು. ಎದುರಿನವಳು ಗಂಡ ಮಗಳ ಜೊತೆ ಬೇರೆ ಊರಿಗೆ ಹೋದಳು. ಎಲ್ಲಿಗೆ ಎಂದು ಕೇಳುವ ಮುಖ ಅತ್ತೆಗಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮತ್ತೆಯದು ಇನ್ನೂ ವಿಚಿತ್ರ, ಆಡಿದ ಮಾತು ಆಡಿದವಳ ಹತ್ತಿರವೇ ಉಳಿದು, ಕೇಳದವಳನ್ನು ಮತ್ತೊಂದು ಇಪ್ಪತ್ತಾರು ವರ್ಷ ತಿಂದಿತು. ಟೀ ಕುಡಿಯುವಾಗ, ಉಗುರು ಕತ್ತರಿಸುವಾಗ, ಗಡಿಯಾರಕ್ಕೆ ಕೀ ಕೊಡುವಾಗ ಇದ್ದಕ್ಕಿದ್ದ ಹಾಗೆ ಕೇಳುತ್ತಿದ್ದಳು, "ಅವಳು ಅವತ್ತು ಏನು ಹೇಳ್ತಿದ್ಲೋ?"

ಮೊದಮೊದಲು ನಾನು ಸಮಾಧಾನ ಹೇಳುತ್ತಿದ್ದೆ. ಆಮೇಲೆ ಗೋಡೆಯ ಕಡೆ ತಿರುಗಿ, "ನಿನ್ನ ತಲೆ ಅಂತ ಹೇಳಿದ್ಲು" ಎಂದು ಗೊಣಗುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಗೊಣಗಿದ್ದು ನಿಜ.

ಗಿರಣಿ ಮುಚ್ಚಿದ ಮೇಲೆ ನಾನು ಕನ್ನಡಕದ ಕೆಲಸ ಕಲಿತು, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟೆ. ಗಾಜಿನ ಕಪಾಟು, ಅಕ್ಷರಗಳ ಬೋರ್ಡು, ಎರಡು ಕನ್ನಡಿ. ಗೋಡೆಯ ಮೇಲೆ ಗಿರಣಿಯ ಒಂದು ಗುಂಪು ಫೋಟೋ. ನಲವತ್ತು ಹೆಂಗಸರಲ್ಲಿ ಮೂವತ್ತೆಂಟು ಜನ ಕ್ಯಾಮೆರಾ ನೋಡುತ್ತಿದ್ದಾರೆ. ಎರಡನೇ ಸಾಲಿನಲ್ಲಿ ಇಬ್ಬರು ಮಾತ್ರ ಪರಸ್ಪರ ಮುಖ ನೋಡಿಕೊಂಡಿದ್ದಾರೆ. ಪಕ್ಕಪಕ್ಕ ನಿಂತು ಅಭ್ಯಾಸವಿರಲಿಲ್ಲ, ಪಾಪ.

ಕಳೆದ ವರ್ಷ ಒಂದು ಮಧ್ಯಾಹ್ನ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಬಂದಳು. ಹೆಗಲಿಗೆ ಸಾಮಾನಿನ ಚೀಲ, ಕುತ್ತಿಗೆಗೆ ದೊಡ್ಡ ಹೆಡ್‌ಫೋನು. ಸ್ಕ್ರೂ ಬಿಗಿಯಾಗಿ ಕನ್ನಡಕ ಹಾಕಿಕೊಂಡವಳು ಗೋಡೆ ನೋಡಿ, "ಅಯ್ಯೋ, ನಮ್ಮಮ್ಮ!" ಎಂದಳು. ಅವಳ ಬೆರಳು ಎರಡನೇ ಸಾಲಿನ ಮೇಲಿತ್ತು.

ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾಳೆ, ರಜೆಯಲ್ಲಿ ಸಂಗೀತ ಮಾಡುತ್ತಾಳೆ. ಮುಚ್ಚಿದ ಗಿರಣಿಯ ಸದ್ದು ಹಿಡಿದುಕೊಳ್ಳಲು ಬಂದಿದ್ದಳು. ಮುಚ್ಚಿದ ಗಿರಣಿಗೆ ಎಂಥ ಸದ್ದು ಎಂದು ನಾನು ಕೇಳಿದ್ದಕ್ಕೆ, "ತುಂಬಾ ಇದೆ ಅಕ್ಕಾ, ಪಾರಿವಾಳ, ಗಾಳಿ, ತಗಡು" ಎಂದು ಕಣ್ಣರಳಿಸಿದಳು. ಅಮ್ಮ ಹೋಗಿ ಒಂಬತ್ತು ವರ್ಷವಾಯಿತಂತೆ. ಆಮೇಲೆ ಫೋಟೋ ಕಡೆ ಬೊಟ್ಟು ಮಾಡಿ, "ಅಮ್ಮ ಮುಖ ನೋಡ್ತಿದಾರಲ್ಲ, ಅವರು ಯಾರು?" ಎಂದು ಕೇಳಿದಳು. ನಮ್ಮತ್ತೆ ಎಂದೆ. ಅತ್ತೆ ಆಗ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಮಗಳು ಇಪ್ಪತ್ತು ನಿಮಿಷ ಕಾದು, ರೈಲಿಗೆ ಹೊತ್ತಾಯಿತೆಂದು ವಿಳಾಸ ಬರೆದುಕೊಟ್ಟು ಹೋದಳು.

ಅತ್ತೆ ಬಂದ ಮೇಲೆ ನಾನು ಎಲ್ಲವನ್ನೂ ಹೇಳಿದೆ, ಹೇಳಬಾರದ್ದನ್ನೂ ಸೇರಿಸಿ. ನನ್ನ ಬಾಯಿಗೆ ಯಾವತ್ತೂ ಬೀಗ ಇಲ್ಲ. ಎದುರಿನವಳು ಇಲ್ಲವೆಂದು ಕೇಳಿ ಅತ್ತೆ ಕುರ್ಚಿಯ ಮೇಲೆ ಕೂತಳು, ಬಾಯಲ್ಲಿ ಇನ್ನೂ ಡಾಕ್ಟರ ಹತ್ತಿ ಇತ್ತು. ಹತ್ತಿ ತೆಗೆದು ಕೇಳಿದಳು.

"ಅವಳ ಮಗಳಿಗೆ ನಾನು ಯಾರು ಅಂತ ಗೊತ್ತಿರಲಿಲ್ವಾ?"

"ಇಲ್ಲ."

"ಇಪ್ಪತ್ತಾರು ವರ್ಷ ಎದುರಿಗೆ ನಿಂತಿದ್ದೆ ಕಣೇ. ಮನೇಲಿ ಒಂದು ಸಲಾನೂ ನನ್ನ ಹೆಸರು ಎತ್ತಿಲ್ಲ. ಅಷ್ಟು ಸಿಟ್ಟಿತ್ತು ಅಂತಾಯ್ತು."

ಅವತ್ತಿನಿಂದ ಅವಳು ಹಳೆಯ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ಬಟ್ಟೆ ಮಡಚುವಾಗಿನ ಹಾಡೂ ನಿಂತಿತು. ಇಪ್ಪತ್ತಾರು ವರ್ಷ ಆ ಪ್ರಶ್ನೆ ಕೇಳಿ ರೋಸಿಹೋಗಿದ್ದ ನನಗೆ ಅದಿಲ್ಲದೆ ಮನೆ ಬಿಕೋ ಎನ್ನತೊಡಗಿತು. ಒಂದು ಸಲ ಕೇಳಿಬಿಡಬಾರದಾ ಎನಿಸುತ್ತಿತ್ತು.

ಏಳು ತಿಂಗಳ ಮೇಲೆ ಒಂದು ಪಾರ್ಸೆಲ್ ಬಂತು. ಚೌಕಾಕಾರದ ರಟ್ಟಿನೊಳಗೆ ತಟ್ಟೆಯಷ್ಟಗಲದ ಕಪ್ಪು ರೆಕಾರ್ಡು. ಹೊದಿಕೆಯ ಮೇಲೆ ಗಿರಣಿಯ ಖಾಲಿ ಶೆಡ್ಡು, ಕಂಬಗಳ ನಡುವೆ ಬಿಸಿಲು. ಜೊತೆಗೆ ಒಂದು ಪತ್ರ. ಹಳೆಯ ಜನರ ಹಾಡನ್ನು ಹೊಸ ಥರದ ಸದ್ದುಗಳ ಜೊತೆ ಕೂಡಿಸುವ ಪ್ರಯೋಗವಂತೆ, ನಿಯೋಫೋಕ್ ಎನ್ನುತ್ತಾರಂತೆ. ಏಳು ತುಣುಕು, ನಲವತ್ತು ನಿಮಿಷ. ಐದನೆಯದರಲ್ಲಿ ಅಮ್ಮನ ದನಿ ಇದೆ, ದಯವಿಟ್ಟು ಅತ್ತೆಯವರಿಗೆ ಕೇಳಿಸಿ. ರೆಕಾರ್ಡು ಹಾಕುವ ಯಂತ್ರ ಇಲ್ಲದಿದ್ದರೆ ಫೋನಿನಲ್ಲೂ ಸಿಗುತ್ತದೆ.

ಅತ್ತೆ ಎರಡು ದಿನ ಆ ರಟ್ಟನ್ನು ಮುಟ್ಟಲಿಲ್ಲ. ಮೂರನೆಯ ದಿನ ಊಟ ಆದ ಮೇಲೆ, "ಹಾಕು ನೋಡೋಣ" ಎಂದಳು. ನಾನು ಅಂಗಡಿಯ ಬಾಗಿಲು ಮುಂದೆ ಮಾಡಿ, ಫೋನಿಗೆ ಸ್ಪೀಕರ್ ಸೇರಿಸಿ ಮರದ ಪೆಟ್ಟಿಗೆಯ ಮೇಲಿಟ್ಟೆ. ಅತ್ತೆ ಪಕ್ಕದಲ್ಲಿ ಕೂತು ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡೂ ಅಂಗೈ ಊರಿದಳು. ಅವಳು ಕೇಳುವುದೇ ಹಾಗೆ, ಕಿವಿ ಬಿಟ್ಟದ್ದನ್ನು ಕೈ ಹಿಡಿಯುತ್ತದೆ.

ಮೊದಲನೆಯದು ಶುರುವಾಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಎಲ್ಲೋ ಕಬ್ಬಿಣದ ಬಾಗಿಲು ಜರುಗಿತು. ಆಮೇಲೆ ಒಂದೇ ಒಂದು ಉದ್ದನೆಯ ಸ್ವರ, ಕೆಟ್ಟ ಫ್ಯಾನು ಗುಂಯ್‌ಗುಟ್ಟಿದ ಹಾಗೆ. ಪಾರಿವಾಳದ ರೆಕ್ಕೆ. ಗಿಟಾರಿನ ತಂತಿ ಒಂದು ಸಲ ಟಿಣ್ ಎಂದು ಸುಮ್ಮನಾಯಿತು. ಯಾರೋ ಪಿಸುಗುಟ್ಟಿದರು. ಐದು ನಿಮಿಷ ಇಷ್ಟೇ. ಇದಕ್ಕೆ ಸಂಗೀತ ಎನ್ನುತ್ತಾರೆಯೇ ಎಂದು ನಾನು ಮೂಗು ಮುರಿದೆ. ಆದರೆ ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು.

"ಉತ್ತರದ ಬಾಗಿಲು," ಎಂದಳು. "ಅದರ ಚಕ್ರ ಮೊದಲಿಂದಾನೂ ಹಂಗೇ. ತಳ್ಳಿದ್ರೆ ನೆಲ ನಡುಗುತ್ತೆ."

ಎರಡನೆಯದರಲ್ಲಿ ಮಗ್ಗ ಬಂತು. ಮಗಳು ಎಲ್ಲೋ ಉಳಿದಿದ್ದ ಒಂದು ಹಳೆಯ ಮಗ್ಗವನ್ನು ನಡೆಸಿ ಅದರ ಬಡಿತವನ್ನು ಹಿಡಿದಿದ್ದಳಂತೆ. ದಡ್ ಟಕ್, ದಡ್ ಟಕ್, ಅದರ ಕೆಳಗೆ ಅದೇ ಉದ್ದ ಸ್ವರ. ನನ್ನ ತಲೆ ಸಿಡಿಯತೊಡಗಿತು. ಅತ್ತೆಯ ಮುಖದಲ್ಲಿ ಏಳು ತಿಂಗಳಲ್ಲಿ ನೋಡಿರದ ಬೆಳಕು ಬಂತು.

"ಲಾಳಿ ಎಡಗಡೆ ತಡ ಮಾಡ್ತಿದೆ, ಕೇಳಿಸ್ತಾ? ಪಟ್ಟಿ ಸಡಿಲ. ಎಣ್ಣೇನೂ ಹಾಕಿಲ್ಲ ದರಿದ್ರದವರು." ಅವಳ ಕಾಲು ನೆಲದ ಮೇಲೆ ತಾಳ ಹಾಕುತ್ತಿತ್ತು. "ಈಗ ನೋಡು, ಸದ್ದು ಹಗುರಾಗುತ್ತೆ. ಲಾಳಿಯೊಳಗಿನ ಕಂಡಿಕೆಯ ನೂಲು ಮುಗೀತಾ ಬಂತು."

ನೂಲು ಮುಗಿದಾಗ ಸದ್ದು ನಿಜವಾಗಿಯೂ ಹಗುರಾಯಿತು. ಅದೇ ಗಳಿಗೆಗೆ ಗಿಟಾರು ಎದ್ದು ಬಂತು. ಅದನ್ನು ಮಾಡಿದವಳು ಆ ಗಳಿಗೆಗಾಗಿಯೇ ಕಾದಿದ್ದಳೆಂದು ನನಗೆ ಹೊಳೆದದ್ದು ಆಗ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕಿವಿ ಕೇಳುವ ನಾನೇ ಕೋಣ. ಅರ್ಧ ಕಿವುಡಿ ಎಂದು ಎಲ್ಲರೂ ಆಡಿಕೊಳ್ಳುವವಳು ಒಂದೊಂದು ಸದ್ದಿಗೂ ಹೆಸರು ಹೇಳುತ್ತಿದ್ದಳು. ನಾಲ್ಕನೆಯದರಲ್ಲಿ ಸೈರನ್ ದೂರದಿಂದ ಏಳುತ್ತ, ಅದರೊಳಗೇ ಹತ್ತಾರು ದನಿಗಳು ಒಂದೇ ಸ್ವರ ಹಿಡಿದು ನಿಂತಾಗ ನನ್ನ ಮೈಯೂ ಜುಮ್ಮೆಂದಿತು. ಬೆಳಗಿನ ಪಾಳಿಗೆ ಅತ್ತೆ ಹೊರಡುವಾಗ ಅವಳ ಸೆರಗು ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ ನಾನು, ಅವಳ ಡಬ್ಬಿಯ ಬಿಸಿ, ಬೀದಿಯ ತುಂಬ ಚಪ್ಪಲಿಗಳ ಸದ್ದು, ಎಲ್ಲವೂ ಬಂದುಬಿಟ್ಟವು. ಇಷ್ಟು ವರ್ಷ ಅದು ಎಲ್ಲಿತ್ತೋ.

ಆಮೇಲೆ ಐದನೆಯದು. ಮಗ್ಗದ ಬಡಿತ ದೂರ ಸರಿದು, ಒಂದು ಹೆಂಗಸಿನ ದಪ್ಪನೆಯ, ತುಸು ಒಡಕು ದನಿ ಬಂತು. ಹೋಗು ಲಾಳಿ, ಬಾರೋ ಲಾಳಿ. ಅತ್ತೆಗೆ ಕೇಳುವಷ್ಟು ದಪ್ಪ ದನಿಯೇ. ಆದರೆ ಎಷ್ಟು ನಿಧಾನ! ಮಗುವನ್ನು ಮಲಗಿಸುವ ಹಾಗೆ ಒಂದೊಂದು ಪದವನ್ನೂ ಎಳೆದು, 'ಮರೆಯಬೇಡ' ಎನ್ನುವಲ್ಲಿ ದನಿಯನ್ನು ಕೆಳಗಿಳಿಸಿ ಬಿಟ್ಟಿತ್ತು. ಸಾಲು ಮುಗಿಯಿತು. ಬರೀ ಮಗ್ಗದ ಸದ್ದು. ಫೋನು ಕೆಟ್ಟಿತೋ ಎಂದು ನಾನು ಎತ್ತಿ ನೋಡುವಷ್ಟು ಹೊತ್ತು ಹಾಡೇ ಇಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಮೂರನೆಯ ಸಾಲು, ಎಳೆಯು ಹರಿದರೆ ಗಂಟು ಹಾಕುವೆ. ಮತ್ತೆ ಖಾಲಿ.

ಅತ್ತೆ ಪೆಟ್ಟಿಗೆಯಿಂದ ಕೈ ತೆಗೆದಳು.

"ಇದು ಅವಳಲ್ಲ."

"ಅವಳ ಮಗಳೇ ಕಳಿಸಿರೋದಲ್ವಾ ಅತ್ತೆ?"

"ಯಾರಾದ್ರೂ ಕಳಿಸಲಿ. ರಾಗ ತಪ್ಪು. ಪೂರ್ತಿ ತಪ್ಪು. ಅರ್ಧ ಹಾಡು ನುಂಗಿದಾರೆ ಬೇರೆ. ಇಪ್ಪತ್ತಾರು ವರ್ಷ ಅವಳ ಜೊತೆ ಹಾಡಿದೀನಿ, ನಂಗೆ ಗೊತ್ತಿಲ್ವಾ?" ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಂದ ಬೆಳಕು ಬಂದ ಹಾಗೇ ಹೋಯಿತು.

ನನಗೆ ಉರಿದುಹೋಯಿತು. ಅವತ್ತೇ ಪತ್ರ ಬರೆದೆ. ನಿಮ್ಮ ರೆಕಾರ್ಡು ಕೆಟ್ಟಿದೆ, ಹಾಡು ನಡುನಡುವೆ ನಿಂತುಹೋಗುತ್ತದೆ, ಅದು ನಿಮ್ಮ ತಾಯಿಯ ದನಿಯೇ ಅಲ್ಲವೆಂದು ನಮ್ಮತ್ತೆ ಹೇಳುತ್ತಿದ್ದಾರೆ, ವಯಸ್ಸಾದವರ ಮನಸ್ಸು ನೋಯಿಸುವುದಕ್ಕೆ ಪ್ರಯೋಗ ಎನ್ನುವುದಾದರೆ ನಿಮ್ಮ ಪ್ರಯೋಗಕ್ಕೆ ದೊಡ್ಡ ನಮಸ್ಕಾರ. ಹೀಗೆ ಒಂದೂವರೆ ಪುಟ. ಉತ್ತರ ಬರಲಿಲ್ಲ. ಭಾನುವಾರ ಮಧ್ಯಾಹ್ನ ಅವಳೇ ಬಂದಳು.

ಅತ್ತೆ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಕನ್ನಡಕ ಬಿಟ್ಟರೆ ಮಗಳ ಮುಖ ಅಮ್ಮನದೇ, ಫೋಟೋದಲ್ಲಿದ್ದ ಹಾಗೇ. ಅವಳು ಬಗ್ಗಿ ನಮಸ್ಕಾರ ಮಾಡಿ, ಎದುರಿನ ಸ್ಟೂಲಿನ ಮೇಲೆ ಕೂತು, ಚೀಲದಿಂದ ಒಂದು ಹಳೆಯ ಕ್ಯಾಸೆಟ್ಟನ್ನೂ ಅದನ್ನು ಹಾಕುವ ಪುಟ್ಟ ಟೇಪನ್ನೂ ತೆಗೆದು ಮರದ ಪೆಟ್ಟಿಗೆಯ ಮೇಲಿಟ್ಟಳು. ಮೊದಲಿಗೆ ನನ್ನ ಕಡೆ ತಿರುಗಿ ಮಾತಾಡುತ್ತಿದ್ದಳು.

"ಅವಳ ಕಡೆ ನೋಡಿ ಮಾತಾಡಿ," ಎಂದೆ. "ಮುಖ ಕಾಣದಿದ್ರೆ ಅವಳಿಗೆ ಕೇಳಿಸಲ್ಲ."

"ಅಮ್ಮನಿಗೂ ಹಾಗೇ," ಎಂದು ನಕ್ಕು ಅವಳು ಸ್ಟೂಲನ್ನು ಸರಿಸಿಕೊಂಡಳು. "ದೊಡ್ಡಮ್ಮಾ, ಇದು ಅಮ್ಮನೇ. ನಾನು ಕಾಲೇಜಿಗೆ ಹೋಗ್ತಿದ್ದಾಗ ಅವರಿಗೆ ಗೊತ್ತಿಲ್ಲದ ಹಾಗೆ ಹಿಡಿದದ್ದು. ತರಕಾರಿ ಹೆಚ್ಚುವಾಗ ಹಾಡೋರು. ಬೇರೆ ಸದ್ದೇನೂ ಸೇರಿಸಿಲ್ಲ ಇದಕ್ಕೆ, ಕೇಳಿ."

ಟೇಪಿನಲ್ಲಿ ಅದೇ ದಪ್ಪ ದನಿ, ಅದೇ ನಿಧಾನ ರಾಗ. ಹಿಂದೆ ಚಾಕು ಮಣೆಗೆ ತಾಗುವ ಸದ್ದು. ಅತ್ತೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೇಳುತ್ತಿದ್ದಳು, ಹುಬ್ಬು ಗಂಟಿಕ್ಕಿತ್ತು.

"ಈ ರಾಗ ಅಲ್ಲ ಕಣಮ್ಮ," ಎಂದಳು. "ನಾವು ಹಾಡ್ತಿದ್ದದ್ದು ಹಿಂಗಲ್ಲ."

"ನೀವಿಬ್ಬರೂ ದನಿ ತೆಗೆದು ಯಾವಾಗ ಹಾಡಿದ್ರಿ ದೊಡ್ಡಮ್ಮಾ?"

ಇಷ್ಟು ಸರಳವಾದ ವಿಷಯ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ತುಟಿಯಿಂದ ತುಟಿಗೆ ಪದ ದಾಟುತ್ತದೆ, ರಾಗ ದಾಟುವುದಿಲ್ಲ. ನಮ್ಮತ್ತೆ ಓಣಿಯ ಈಚೆ ಮೆಟ್ಟಿಲು ಹತ್ತುತ್ತಿದ್ದಳು, ಅವಳು ಆಚೆ ತೊಟ್ಟಿಲು ತೂಗುತ್ತಿದ್ದಳು. ಇಬ್ಬರೂ ಒಂದೇ ಹಾಡು ಹಾಡುತ್ತಿದ್ದೇವೆಂದು ಇಪ್ಪತ್ತಾರು ವರ್ಷ ನಂಬಿಕೊಂಡಿದ್ದರು. ನನಗೆ ನಗು ಉಕ್ಕಿ ಬಂತು, ಗೋಡೆಯ ಕಡೆ ತಿರುಗಿ ನಕ್ಕೆ.

"ಇರಲಿ," ಎಂದಳು ಅತ್ತೆ ಕೊನೆಗೆ, ಸೋತ ದನಿಯಲ್ಲಿ. "ರಾಗ ಅವಳಿಷ್ಟ. ಆದ್ರೆ ನನ್ನ ಸಾಲು ಯಾಕೆ ತೆಗೆದುಬಿಟ್ಟಿದಾಳೆ? ನಿನಗೆ ಬೇಡ ಅನ್ನಿಸಿ ಕತ್ತರಿಸಿದ್ಯಾ, ಇಲ್ಲ ಅವಳೇ ಬಿಟ್ಲಾ?"

"ನಿಮ್ಮ ಸಾಲಾ?" ಮಗಳು ಟೇಪು ನಿಲ್ಲಿಸಿದಳು. "ನಾನು ಏನೂ ಕತ್ತರಿಸಿಲ್ಲ. ಅಮ್ಮ ಯಾವಾಗ ಹಾಡಿದ್ರೂ ಹೀಗೇ. ನಡುವಿನ ಸಾಲು ಮರೆತುಹೋಗಿದೆ ಅಂದ್ಕೊಂಡಿದ್ವಿ ನಾವೆಲ್ಲ. ಅಪ್ಪ ರೇಗಿಸೋರು ಕೂಡ. ಒಂದು ಸಾಲು ಹಾಡಿ ತಲೆ ಎತ್ತೋರು. ಎದುರಿಗೆ ಬರೀ ಗೋಡೆ. ಆ ಗೋಡೆನೇ ನೋಡ್ತಿರೋರು, ಯಾರೋ ಏನೋ ಹೇಳ್ತಿದಾರೇನೋ ಅನ್ನೋ ಹಾಗೆ. ಆಮೇಲೆ ಸ್ವಲ್ಪ ತಲೆ ಆಡಿಸಿ, ಬಗ್ಗಿ ಮತ್ತೆ ಹೆಚ್ಚೋಕೆ ಶುರು ಮಾಡಿ, ಮುಂದಿನ ಸಾಲು. ಕೊನೇ ದಿನಗಳವರೆಗೂ ಹೀಗೇನೇ. ಆ ಖಾಲಿ ಜಾಗ ನನಗೆ ಏನೋ ತುಂಬಾ ಇಷ್ಟ ಆಗ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಅದಕ್ಕೇ ಮುಚ್ಚದೆ ಹಾಗೇ ಉಳಿಸಿಕೊಂಡೆ."

ಅತ್ತೆ ಅವಳ ತುಟಿಯನ್ನೇ ನೋಡುತ್ತಿದ್ದಳು. ಕೊನೆಯ ಮಾತು ಮುಗಿದ ಮೇಲೂ ನೋಡುತ್ತಲೇ ಇದ್ದಳು. ಆ ಮನೆಯಲ್ಲಿ ನಮ್ಮತ್ತೆಯ ಹೆಸರು ಯಾರೂ ಕೇಳಿರಲಿಲ್ಲ, ನಿಜ. ಹೆಸರು ಹೇಳಿ ಪರಿಚಯ ಮಾಡಿಕೊಡುವುದು ಎದುರಿಗಿಲ್ಲದವರನ್ನು. ಅವಳ ಪಾಲಿಗೆ ಅತ್ತೆ ಎದುರಿಗೇ ಇದ್ದಳು.

"ಇನ್ನೊಂದು ಸಲ ಹಾಕು," ಎಂದಳು ಅತ್ತೆ. "ಟೇಪು ಬೇಡ. ನೀನು ಮಾಡಿದ್ದೀಯಲ್ಲ, ಮಗ್ಗ ಇರೋದು. ಅದು ಹಾಕು."

ನಾನು ಫೋನು ತೆಗೆದು ಐದನೆಯದನ್ನು ಹಾಕಿದೆ. ಮಗ್ಗದ ಬಡಿತ ಬಂತು, ಉದ್ದ ಸ್ವರ ಬಂತು. ಕೆಟ್ಟ ಫ್ಯಾನೆಂದು ನಾನು ಹಂಗಿಸಿದ್ದ ಸ್ವರ ಈಗ ಮಧ್ಯಾಹ್ನದ ಶೆಡ್ಡಿನ ಹಾಗೆ ಕೋಣೆಯ ತುಂಬ ನಿಂತಿತು. ಎದುರಿನವಳು ಹಾಡಿದಳು, ಹೋದ ದಾರಿ ಮರೆಯಬೇಡ. ಸಾಲು ಮುಗಿದು ಖಾಲಿ ಜಾಗ ಶುರುವಾಯಿತು.

ಅತ್ತೆ ತಲೆ ಎತ್ತಿದಳು. ಸ್ಟೂಲಿನ ಮೇಲೆ ಕೂತಿದ್ದ ಆ ಮುಖವನ್ನು ನೋಡುತ್ತ, ಸದ್ದೇ ಇಲ್ಲದೆ, ತುಟಿಯನ್ನು ಅಗಲವಾಗಿ ಆಡಿಸಿ ತನ್ನ ಸಾಲು ಹಾಡಿದಳು. ಮರೆತರೇನು, ಎಳೆಯ ಹಿಡಿದು ಬರುವೆ ನಾನು. ತನ್ನ ಓಟದ ರಾಗದಲ್ಲೇ ಶುರು ಮಾಡಿರಬೇಕು, ಅರ್ಧಕ್ಕೇ ಪದ ಮುಗಿಯುತ್ತ ಬಂತು. ಅದು ಗೊತ್ತಾಗಿ, ಉಳಿದ ಪದಗಳನ್ನು ನಿಧಾನ ಮಾಡಿದಳು. ಹೆದರಬೇಡ ಎಂದು ತುಟಿ ಮುಚ್ಚಿದ ಗಳಿಗೆಗೆ ಸರಿಯಾಗಿ ಎದುರಿನವಳು ಮೂರನೆಯ ಸಾಲು ಎತ್ತಿಕೊಂಡಳು. ಎಳೆಯು ಹರಿದರೆ ಗಂಟು ಹಾಕುವೆ, ಮುಖವ ತಿರುಗಿಸಿ ಹೋಗಬೇಡ. ಎರಡನೆಯ ಖಾಲಿ ಜಾಗದಲ್ಲಿ ಅತ್ತೆ ಅವಸರ ಮಾಡಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಮುಖ ತಿರುಗಿಸಲಿಲ್ಲ.

ಹಾಡು ಮುಗಿದ ಮೇಲೆ ಮಗಳು ಮೂಗು ಸೀಟಿಕೊಂಡು ಕೇಳಿದಳು, "ದೊಡ್ಡಮ್ಮಾ, ನಿಮ್ಮ ದನೀಲಿ ಆ ಎರಡು ಸಾಲು ಹಿಡಿದುಕೊಳ್ಳಲಾ? ಹಾಡಿಗೆ ಸೇರಿಸ್ತೀನಿ. ಪೂರ್ತಿ ಆಗುತ್ತೆ."

"ಪೂರ್ತಿನೇ ಇದೆಯಲ್ಲಮ್ಮ," ಎಂದಳು ಅತ್ತೆ. "ನನ್ನ ಜಾಗಕ್ಕೆ ಏನೂ ತುಂಬಬೇಡ."

ಈಗ ದಿನಾ ಊಟವಾದ ಮೇಲೆ ನಾನು ಅಂಗಡಿಯ ಬಾಗಿಲು ಮುಂದೆ ಮಾಡುತ್ತೇನೆ, ಅತ್ತೆ ಪೆಟ್ಟಿಗೆಯ ಎದುರು ಕೂರುತ್ತಾಳೆ. ಏಳೂ ತುಣುಕು ಕೇಳಬೇಕು, ಐದನೆಯದನ್ನೊಂದೇ ಹಾಕಿದರೆ ಒಪ್ಪುವುದಿಲ್ಲ. ಬಾಗಿಲು ತೆರೆಯದೆ, ಸೈರನ್ ಆಗದೆ ಕೆಲಸಕ್ಕೆ ನಿಂತುಕೊಳ್ಳುವುದು ಹೇಗೆ ಎನ್ನುತ್ತಾಳೆ. ನನಗೂ ಈಗ ಪಾರಿವಾಳಕ್ಕೂ ತಗಡಿಗೂ ವ್ಯತ್ಯಾಸ ಗೊತ್ತು, ಲಾಳಿ ಎಡಗಡೆ ತಡ ಮಾಡುವುದೂ ಗೊತ್ತು.

ಮೊನ್ನೆ ಹಾಡು ಮುಗಿದ ಮೇಲೆ ನಾನೇ ತಡೆಯಲಾರದೆ, ಅವಳ ಎದುರಿಗೆ ಹೋಗಿ ಕೂತು, ಮುಖ ನೋಡಿ ಕೇಳಿದೆ.

"ಅತ್ತೆ, ಅವಳು ಅವತ್ತು ಏನು ಹೇಳ್ತಿದ್ಲು?"

ಅತ್ತೆ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

"ಇನ್ನೇನು ಹೇಳ್ತಾಳೆ? ಅವಳ ಸಾಲು ಹಾಡಿರ್ತಾಳೆ. ನಾನೇ ನನ್ನ ಸಾಲು ಹಾಡದೆ ಬಂದುಬಿಟ್ಟೆ."